ಬಕೆಟ್ಟಕ್ಕ ಅರ್ಧಕ್ಕೆ ಬಿಟ್ಟ ಮೆಟ್ಟಿಲು

ಹದಿನಾಲ್ಕು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಹೇಳಿದ ಮೇಷ್ಟ್ರು, ನಲವತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಪರದೇಶದ ಆ ದೊಡ್ಡ ನಗರದಲ್ಲಿ ಬಂದಿಳಿದ ದಿನ, ರೈಲು ನಿಲ್ದಾಣದಿಂದ ಬಾಡಿಗೆ ಕೋಣೆಗಿದ್ದ ಒಂದೂವರೆ ಮೈಲಿಯನ್ನು ಬರೋಬ್ಬರಿ ಮೂರು ಗಂಟೆಯಲ್ಲಿ ಮುಗಿಸಿದರು. ಭೂಮಿಯ ಮೇಲಿನ ಮರುಭೂಮಿಗಳನ್ನೆಲ್ಲ ಕಣ್ಣು ಮುಚ್ಚಿಕೊಂಡು ತೋರಿಸಬಲ್ಲ ಮನುಷ್ಯ. ಆದರೆ ಔಷಧಿ ಅಂಗಡಿಯ ಹತ್ತಿರ ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂಬುದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಗಾಲಿ ಪೆಟ್ಟಿಗೆ ಎಳೆದುಕೊಂಡು ಅವರು ನಾಲ್ಕನೇ ಸಲ ಅಂಗಡಿಯ ಮುಂದೆ ಹಾದಾಗ ಅಂಗಡಿಯವನೇ ಹೊರಗೆ ಬಂದು, "ತಲೆನೋವಿನ ಮಾತ್ರೆ ಏನಾದರೂ ಬೇಕಿತ್ತಾ?" ಅಂತ ಕೇಳಿದ. ಅಂದಹಾಗೆ ಮೇಷ್ಟ್ರು ಸಂಶೋಧನೆಗೆಂದು ಆರಿಸಿಕೊಂಡಿದ್ದ ವಿಷಯ: ದೊಡ್ಡ ಊರುಗಳಲ್ಲಿ ಜನ ದಾರಿ ಕಂಡುಕೊಳ್ಳುವ ಬಗೆ.

ಹೊರಡುವ ಮುಂಚೆ ಹೆಡ್‌ಮಾಸ್ತರರು ರಜೆಯ ಅರ್ಜಿಗೆ ರುಜು ಹಾಕುತ್ತಾ, "ಹೋಗಿ ಬನ್ನಿ. ನಿಮ್ಮ ಕುರ್ಚಿ ಯಾರಿಗೂ ಕೊಡಲ್ಲ. ಮೂರು ತಿಂಗಳಲ್ಲಿ ನಿಮಗೇ ಬೇಕಾಗುತ್ತೆ" ಅಂದಿದ್ದರು. ಹೆಂಡತಿ ಅವರ ಕೋಟಿನ ಒಳಜೇಬಿಗೆ ವಿಳಾಸದ ಚೀಟಿ ಇಟ್ಟು ಮೇಲೆ ಒಂದು ಹೊಲಿಗೆ ಹಾಕಿದಳು. ಸ್ಕೂಲಿಗೆ ಹೊಸದಾಗಿ ಸೇರಿಸುವ ಮಗುವಿಗೆ ಮಾಡುವ ಹಾಗೆ.

ಆ ವಿಳಾಸ ಒಂದು ಹಳೆಯ ಐದಂತಸ್ತಿನ ಕಟ್ಟಡದ್ದು. ಮೇಷ್ಟ್ರ ಕೋಣೆ ತುತ್ತತುದಿಯಲ್ಲಿ, ಎಪ್ಪತ್ತೆರಡು ಮೆಟ್ಟಿಲಿನ ಆಚೆ. ಲಿಫ್ಟು ಇತ್ತು, ಅದರ ಬಾಗಿಲ ಮೇಲೆ 'ರಿಪೇರಿಯಲ್ಲಿದೆ' ಎಂಬ ಬೋರ್ಡೂ ಇತ್ತು, ಬೋರ್ಡಿಗೆ ತುಕ್ಕು ಹಿಡಿದಿತ್ತು. ಪೆಟ್ಟಿಗೆ ಹೊತ್ತು ಮೂರನೇ ಅಂತಸ್ತಿನವರೆಗೆ ಏರುವಷ್ಟರಲ್ಲಿ ಮೇಷ್ಟ್ರಿಗೆ ಪರ್ವತಾರೋಹಿಗಳ ಬಗ್ಗೆ ತಾವು ಮಕ್ಕಳಿಗೆ ಹೇಳಿದ್ದೆಲ್ಲ ಎಷ್ಟು ಹಗುರವಾಗಿ ಹೇಳಿದ್ದು ಎಂದು ಅರಿವಾಯಿತು. ಅಲ್ಲೇ ಕೂತರು. ಕೂತ ಜಾಗ ಒದ್ದೆಯಾಗಿತ್ತು.

"ಏಳ್ರೀ! ಈಗ ತಾನೇ ಒರೆಸಿದ್ದೀನಿ. ಕೂರೋಕೆ ನಿಮಗೆ ಒಣಗಿರೋ ಮೆಟ್ಟಿಲು ಸಿಗಲಿಲ್ವಾ?"

ಮೇಷ್ಟ್ರು ತಿರುಗಿ ನೋಡಿದರೆ ಒಂದು ನೀಲಿ ಬಕೆಟ್ಟು, ಅದರ ಹಿಂದೆ ಒಬ್ಬ ಹೆಂಗಸು. ಐವತ್ತೈದರ ಆಸುಪಾಸು, ಮೊಣಕೈವರೆಗೆ ಮಡಿಸಿದ ತೋಳು, ಸೋಪಿನ ನೀರಿಗೆ ಬಿರಿದ ಬೆರಳುಗಳಿಗೆಲ್ಲ ಗಾಯದ ಪಟ್ಟಿ. ಮೇಷ್ಟ್ರು ಗಡಬಡಿಸಿ ಎದ್ದು, "ಕ್ಷಮಿಸಿ ಅಮ್ಮಾ" ಅಂದರು.

ಅವಳು ಅವರ ಬೋಳುತಲೆಯನ್ನೂ ಕಿವಿಯ ಪಕ್ಕದ ಬಿಳಿ ಕೂದಲನ್ನೂ ಒಮ್ಮೆ ನೋಡಿ, "ಅಮ್ಮ ಅಂತೆ! ನಾನು ನಿಮ್ಮನ್ನ ಹೆರಬೇಕಾಗಿದ್ರೆ ಶಾಲೆ ಬಿಟ್ಟೇ ಹೆರಬೇಕಾಗಿತ್ತು. ಅಕ್ಕ ಅನ್ನಿ ಸಾಕು" ಅಂದಳು. ಅಂದು, ಪೆಟ್ಟಿಗೆಯ ಒಂದು ತುದಿ ಹಿಡಿದು ನಾಲ್ಕನೇ ಅಂತಸ್ತು ದಾಟಿಸಿ, ಐದನೆಯದರ ಬಾಗಿಲವರೆಗೂ ಬಂದಳು. ಇಳಿಯುವಾಗ ಇಬ್ಬರ ಹೆಜ್ಜೆ ಗುರುತನ್ನೂ ಒರೆಸುತ್ತಾ ಇಳಿದಳು.

ಕಟ್ಟಡದವರೆಲ್ಲ ಅವಳನ್ನು ಬಕೆಟ್ಟಕ್ಕ ಅಂತಲೇ ಕರೆಯುತ್ತಿದ್ದರು. ಕೆಳಗಿನ ಅಂತಸ್ತಿನಲ್ಲಿ, ಮೆಟ್ಟಿಲ ಪಕ್ಕದ ಎರಡು ಕೋಣೆಯಲ್ಲಿ ಅವಳ ವಾಸ. ಗಂಡ ಬಸ್ ಡ್ರೈವರ್ ಆಗಿದ್ದು ನಿವೃತ್ತಿಯಾದವನು. ದಿನಾ ಬೆಳಿಗ್ಗೆ ಎಂಟೂವರೆಗೆ ಅವಳು ಮೇಲಿನ ತುದಿಯಿಂದ ಶುರು ಮಾಡಿ, ಒಂದೊಂದೇ ಮೆಟ್ಟಿಲು ತೊಳೆದು ಒರೆಸಿ, ಪಕ್ಕದ ಹಿಡಿಕಂಬಿಗೂ ಬಟ್ಟೆ ಹಾಯಿಸಿ, ಹನ್ನೊಂದಕ್ಕೆ ಸರಿಯಾಗಿ ಹೊಸ್ತಿಲಲ್ಲಿ ಮುಗಿಸುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ದಿನವೂ ಅರ್ಧಕ್ಕೆ ಬಿಟ್ಟವಳಲ್ಲ. ಮಗಳ ಮದುವೆಯ ದಿನವೂ ಮೊದಲು ಮೆಟ್ಟಿಲು, ಆಮೇಲೆ ಹೊಸ ಬಟ್ಟೆ. "ಮದುವೆ ಹುಡುಗಿಗೆ ಅದೇ ಮುಹೂರ್ತ ಬೇಕು ಅಂತಿತ್ತು, ಕಾಯಿ ಅಂದೆ, ಕಾದಳು" ಅಂತ ಅವಳೇ ಹೇಳುತ್ತಿದ್ದಳು.

ಬಂದ ಹೊಸದರಲ್ಲಿ ಮೇಷ್ಟ್ರಿಗೆ ವಿಶ್ವವಿದ್ಯಾಲಯ ಕಲಿಸಿದ್ದಕ್ಕಿಂತ ಬಕೆಟ್ಟಕ್ಕ ಕಲಿಸಿದ್ದೇ ಹೆಚ್ಚು. ಬಸ್ಸಿಗೆ ಮುಂದಿನ ಬಾಗಿಲಲ್ಲಿ ಹತ್ತಬೇಕು, ಹಿಂದಿನದರಲ್ಲಿ ಇಳಿಯಬೇಕು. ಟಿಕೆಟ್ ಕೊಂಡರಷ್ಟೇ ಸಾಲದು, ಬಸ್ಸಿನೊಳಗೆ ಕಂಬಕ್ಕಿರುವ ಯಂತ್ರದ ಬಾಯಿಗೆ ಕೊಟ್ಟು ತೂತು ಕಚ್ಚಿಸಬೇಕು. ಕಸದ ಡಬ್ಬಿಗಳು ಮೂರು ಬಣ್ಣದವು. ಮೇಷ್ಟ್ರು ಖಾಲಿ ಬಾಟಲಿಯನ್ನು ತರಕಾರಿ ಸಿಪ್ಪೆಯ ಡಬ್ಬಿಗೆ ಹಾಕಿದ ದಿನ, ಅವಳು ಅದನ್ನು ಹೆಕ್ಕಿ ತೆಗೆದು, ಎಪ್ಪತ್ತೆರಡು ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿ ಅವರ ಕೈಗೇ ಕೊಟ್ಟಳು.

"ಕೆಳಗಡೆಯೇ ಸರಿಯಾದ ಡಬ್ಬಿಗೆ ಹಾಕಬಹುದಿತ್ತಲ್ಲ ಅಕ್ಕ?"

"ಹಾಕಬಹುದಿತ್ತು. ಆಗ ನಾನು ಕಲೀತಿದ್ದೆ. ನೀವು ಕಲೀತಿರಲಿಲ್ಲ."

ಹದಿನಾಲ್ಕು ವರ್ಷ ಪಾಠ ಹೇಳಿದ್ದರೂ ಇಂಥ ಪಾಠಕ್ರಮ ಮೇಷ್ಟ್ರಿಗೆ ಹೊಳೆದಿರಲಿಲ್ಲ.

ಇಷ್ಟೆಲ್ಲ ಕಲಿತರೂ ಒಂದು ವಿಷಯ ಇಬ್ಬರ ನಡುವೆ ಮಾತಿಗೇ ಬಾರದೆ ಉಳಿದುಬಿಟ್ಟಿತ್ತು. ಅದು ಬಾಗಿಲ ಬಳಿ ಸಾಲಾಗಿ ಹೊಡೆದಿದ್ದ ಟಪಾಲು ಡಬ್ಬಿಗಳದ್ದು. ಕೋಣೆಗೊಂದರಂತೆ ಹತ್ತು ತಗಡಿನ ಡಬ್ಬಿ, ಒಂದೊಂದರ ಮೇಲೂ ಅದರ ಯಜಮಾನರ ಹೆಸರಿನ ಚೀಟಿ. ಮೇಷ್ಟ್ರ ಡಬ್ಬಿಯ ಮೇಲೆ ಅವರಿಗಿಂತ ಮುಂಚೆ ಆ ಕೋಣೆಯಲ್ಲಿದ್ದ ಒಬ್ಬ ವಿಗ್ ವ್ಯಾಪಾರಿಯ ಹೆಸರು ಹಾಗೇ ಇತ್ತು. ಅದರೊಳಗೆ ವಾರಕ್ಕೆರಡು ಸಲ ಬಣ್ಣಬಣ್ಣದ ವಿಗ್‌ಗಳ ಚಿತ್ರದ ಪುಸ್ತಕ ಬಂದು ಬೀಳುತ್ತಿತ್ತು. ಮೇಷ್ಟ್ರು ತಮ್ಮ ಬೋಳುತಲೆ ಸವರಿಕೊಂಡು, 'ಬಂದು ವಾರವಾಗಿಲ್ಲ, ಆಗಲೇ ಗಮನಿಸಿಬಿಟ್ಟಿದ್ದಾರಲ್ಲ! ಎಂಥ ಸೂಕ್ಷ್ಮ ಜನ!' ಅಂದುಕೊಂಡಿದ್ದರು. ಹೆಂಡತಿಗೆ ಫೋನಿನಲ್ಲಿ ಹೇಳಿಯೂ ಹೇಳಿದರು.

ಸ್ವಂತ ಹೆಸರು ಅಂಟಿಸಬೇಕೆಂದು ಹೊಳೆಯಲಿಲ್ಲವೇ ಎಂದರೆ, ಹೊಳೆದಿತ್ತು. ಆದರೆ ಕೋಣೆಯ ಬಾಗಿಲ ಹಿಂದೆ ಮನೆ ಯಜಮಾನರ ಹನ್ನೊಂದು ನಿಯಮಗಳ ಹಾಳೆಯಿತ್ತು. ಏಳನೆಯದು: 'ಗೋಡೆ, ಬಾಗಿಲು, ಡಬ್ಬಿ ಮುಂತಾದ ಯಾವುದಕ್ಕೂ ಏನನ್ನೂ ಅಂಟಿಸಕೂಡದು.' ಆ ಹಾಳೆಯನ್ನೇ ಬಾಗಿಲಿಗೆ ನಾಲ್ಕೂ ಮೂಲೆಗೆ ಗೋಂದು ಹಚ್ಚಿ ಅಂಟಿಸಲಾಗಿತ್ತು. ಉಳಿದ ಒಂಬತ್ತು ಕೋಣೆಯವರೂ ಅದನ್ನು ಓದಿ ನಕ್ಕು ತಮ್ಮ ಹೆಸರು ಅಂಟಿಸಿಕೊಂಡಿದ್ದರು. ಮೇಷ್ಟ್ರು ಹಾಗೆ ಮಾಡಲಾರರು. ಬೆಂಚಿನ ಮೇಲೆ ಹೆಸರು ಕೆತ್ತಿದ ಹುಡುಗರಿಗೆ ಹದಿನಾಲ್ಕು ವರ್ಷ ಬೆತ್ತ ತೋರಿಸಿದ ಕೈ ಅದು.

ಈ ಸಂಭಾವಿತತನ ಅವರನ್ನು ಎಲ್ಲಿಗೆ ತಂದು ನಿಲ್ಲಿಸಿತೆಂಬುದು ಒಂದು ಬುಧವಾರ ಗೊತ್ತಾಯಿತು.

ಪರದೇಶದಿಂದ ಬಂದವರೆಲ್ಲ ವಲಸೆ ಕಚೇರಿಗೆ ಹೋಗಿ ಬೆರಳಚ್ಚು ಕೊಟ್ಟು ವಾಸದ ಕಾರ್ಡು ಪಡೆಯಬೇಕು. ದಿನ, ಗಂಟೆ ಎಲ್ಲ ಬರೆದ ಕರೆಯೋಲೆ ಟಪಾಲಿನಲ್ಲಿ ಮನೆಗೇ ಬರುತ್ತದೆ ಅಂತ ಹೇಳಿ ಕಳಿಸಿದ್ದರು. ಎಷ್ಟು ದಿನ ಕಾದರೂ ಬಾರದಿದ್ದಾಗ ಮೇಷ್ಟ್ರು ವಿಶ್ವವಿದ್ಯಾಲಯದ ಗುಮಾಸ್ತೆಯ ಕಿಟಕಿಗೆ ಹೋದರು. ಆಕೆ ಕಂಪ್ಯೂಟರ್ ನೋಡಿ, "ಕಾಗದ ಹೋಗಿ ಹನ್ನೆರಡು ದಿನ ಆಯ್ತು. ನಾಡಿದ್ದು ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ನಿಮ್ಮ ಸರದಿ" ಅಂದಳು.

"ಓ, ದಿನ ಗೊತ್ತಾಯ್ತಲ್ಲ. ಹೋಗ್ತೀನಿ."

"ಕಾಗದ ಇಲ್ಲದೆ ಗೇಟಿನವನು ಒಳಗೆ ಬಿಡಲ್ಲ."

"ಹಾಗಾದ್ರೆ ಒಂದು ನಕಲು?"

"ಅರ್ಜಿ ಹಾಕಿ. ನಕಲು ಹತ್ತು ದಿನದಲ್ಲಿ ಬರುತ್ತೆ. ಟಪಾಲಲ್ಲಿ."

"ಶುಕ್ರವಾರ ತಪ್ಪಿದ್ರೆ?"

ಗುಮಾಸ್ತೆ ಒಳ್ಳೆಯವಳು. ದನಿ ತಗ್ಗಿಸಿದಳು. "ಕಡತ ಮುಚ್ತಾರೆ ಸರ್. ಕಡತ ಮುಚ್ಚಿದ್ರೆ ನಾವೂ ಹೆಸರು ತೆಗೀಬೇಕಾಗುತ್ತೆ. ನೀವು ಮತ್ತೆ ನಿಮ್ಮ ದೇಶದಿಂದಲೇ ಶುರು ಮಾಡ್ಬೇಕು."

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಮೇಷ್ಟ್ರು ಎರಡನೇ ಅಂತಸ್ತಿನ ತಿರುವಿನಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು. ಎಲ್ಲಿಗೋ ಹೋಗಬೇಕೆಂದು ಇಳಿದವರು, ಎಲ್ಲಿಗೆಂದು ತೋಚದೆ ಕೂತುಬಿಟ್ಟಿದ್ದರು. ಹೆಡ್‌ಮಾಸ್ತರರು ಕಾಯ್ದಿರಿಸಿದ ಆ ಕುರ್ಚಿ, ಅದರ ಮುರಿದ ಕೈ ಸಮೇತ, ಕಣ್ಣೆದುರು ಬಂದು ನಿಂತಿತ್ತು. ಮೇಲಿಂದ ಬಕೆಟ್ಟು ಇಳಿಯುವ ಸದ್ದು ಕೇಳಿತು.

"ಏಳಿ ಮೇಷ್ಟ್ರೇ, ಮುಂದಿನ ಮೆಟ್ಟಿಲು ಅದೇ" ಅಂದ ಬಕೆಟ್ಟಕ್ಕ ಅವರ ಮುಖ ನೋಡಿ, "ಯಾರಿಗೆ ಏನಾಯ್ತು?" ಅಂದಳು.

"ಯಾರಿಗೂ ಏನೂ ಆಗಿಲ್ಲ ಅಕ್ಕ. ನನಗೊಂದು ಕಾಗದ ಬರಬೇಕಿತ್ತು. ಬರಲಿಲ್ಲ." ಎಲ್ಲ ಹೇಳಿದರು.

ಅವಳು ಒರೆಸುವ ಬಟ್ಟೆಯನ್ನು ಹಿಂಡುವುದನ್ನು ನಿಲ್ಲಿಸಿದಳು. "ನಿಮ್ಮ ಡಬ್ಬಿ ಮೇಲೆ ಹೆಸರಿದೆ ತಾನೇ?"

"ಏಳನೇ ನಿಯಮದ ಪ್ರಕಾರ ಅಂಟಿಸೋ ಹಾಗಿಲ್ಲವಲ್ಲ..."

ಇದುವರೆಗೆ ಒಂದು ದಿನವೂ 'ನೀವು' ಬಿಡದಿದ್ದ ಬಕೆಟ್ಟಕ್ಕ ಆ ಕ್ಷಣ ಬಿಟ್ಟುಬಿಟ್ಟಳು. "ಅಯ್ಯೋ ನಿನ್ನ ತಲೆಗಿಷ್ಟು! ಇಷ್ಟು ವರ್ಷ ಪಾಠ ಹೇಳಿದ್ದೀಯ, ಇಷ್ಟು ಗೊತ್ತಾಗಲ್ವಾ? ಹೆಸರಿಲ್ಲದ ಡಬ್ಬಿಗೆ ಟಪಾಲಿನವನು ಹಾಕಲ್ಲ. ಇಂಥವರು ಇಲ್ಲಿಲ್ಲ ಅಂತ ವಾಪಸ್ ಕಳಿಸ್ತಾನೆ! ಮೂರು ವಾರದಿಂದ ಈ ಊರಿಗೆ ನೀನು ಬಂದೇ ಇಲ್ಲ ಕಣಯ್ಯಾ!"

ಪರದೇಶಕ್ಕೆ ಬಂದ ಮೇಲೆ ಮೇಷ್ಟ್ರನ್ನು ಯಾರೂ ಹೀಗೆ ಮನೆಯವರ ಹಾಗೆ ಬೈದಿರಲಿಲ್ಲ. ಅಕ್ಕ ಗೋಡೆಯ ಗಡಿಯಾರ ನೋಡಿದಳು.

"ವಾಪಸ್ ಕಾಗದಗಳ ಚೀಲ ಗುರುವಾರ ಮಧ್ಯಾಹ್ನ ಹೊರಡುತ್ತೆ. ಹತ್ತು ಗಂಟೆಗೆ ಟಪಾಲಿನವರೆಲ್ಲ ಹಿಂದಿನ ಕೋಣೇಲಿ ಟೀ ಕುಡೀತಾ ಕೂತಿರ್ತಾರೆ. ಏಳು. ಕೋಟು ಹಾಕ್ಕೋ."

"ಅಕ್ಕ, ಮೆಟ್ಟಿಲು..."

ಬಕೆಟ್ಟಕ್ಕ ಬಕೆಟ್ಟನ್ನು ನೋಡಿದಳು. ಕೆಳಗೆ ಇನ್ನೂ ಹದಿನೆಂಟು ಮೆಟ್ಟಿಲು ಒಣಗಿಕೊಂಡು ಬಿದ್ದಿದ್ದವು. ಬಕೆಟ್ಟನ್ನು ಗೋಡೆಗೆ ಒತ್ತಿ ಇಟ್ಟಳು, ಬಟ್ಟೆಯನ್ನು ಅದರ ಮೇಲೆ ಹಾಸಿದಳು, ಮಲಗಿದ ಮಗುವಿಗೆ ಹೊದೆಸುವ ಹಾಗೆ. ಮತ್ತೆ ತಿರುಗಿ ನೋಡದೆ ಇಳಿದಳು.

ಟಪಾಲು ಕಚೇರಿ ಮೂರು ಬೀದಿಯಾಚೆ. ಜಿನುಗು ಮಳೆ. ಮೇಷ್ಟ್ರು ಹಿಂದೆ ಓಡುತ್ತಾ ಏದುಸಿರಿನಲ್ಲಿ ಕೇಳಿದರು, "ನೀವೂ ಬೇರೆ ಊರಿಂದ ಬಂದವರಲ್ವಾ ಅಕ್ಕ? ನಿಮಗೆ ಇದನ್ನೆಲ್ಲ ಯಾರು ಹೇಳಿಕೊಟ್ರು?"

"ಯಾರೂ ಹೇಳಿಕೊಡ್ಲಿಲ್ಲ. ಅದಕ್ಕೇ ಎರಡು ವಾರ ದಿನಾ ತಪ್ಪು ಬಸ್ ಹತ್ತಿದೆ. ಕೊನೇ ನಿಲ್ದಾಣದಲ್ಲಿ ಇಳಿದು ಅಳೋದು. ಡ್ರೈವರ್ರು ನೋಡೀ ನೋಡೀ, 'ನಾಳೆಯಿಂದ ಸರಿಯಾದ ಬಸ್ಸಿಗೆ ನಾನೇ ಹತ್ತಿಸ್ತೀನಿ' ಅಂದ."

"ಹತ್ತಿಸಿದನಾ?"

"ಎಲ್ಲಿ? ಮದುವೆ ಆದ."

ಟಪಾಲು ಕಚೇರಿಯ ಮುಂಬಾಗಿಲಲ್ಲಿ ಉದ್ದ ಸಾಲಿತ್ತು. ಅಕ್ಕ ಅತ್ತ ನೋಡಲೂ ಇಲ್ಲ. ಸೈಕಲ್ಲುಗಳ ನಡುವೆ ನುಸುಳಿ ಹಿಂದಿನ ಬಾಗಿಲು ತಳ್ಳಿದಳು. ಒಳಗೆ ಉದ್ದ ಬೆಂಚು, ಒಣಗಲು ಹಾಕಿದ ಮಳೆಕೋಟುಗಳು, ಬೆಂಚಿನ ತುದಿಯಲ್ಲಿ ಅವರ ಬೀದಿಯ ಟಪಾಲಿನವನು. ಅವಳನ್ನು ಕಂಡವನೇ ಅವನು ಕಾಲೆರಡನ್ನೂ ಬೆಂಚಿನ ಕೆಳಗೆ ಸರಿಸಿಕೊಂಡ.

ಅದಕ್ಕೆ ಕಾರಣವಿತ್ತು. ಅವಳು ಹೊಸ್ತಿಲು ಒರೆಸಿ ಸೊಂಟ ನೆಟ್ಟಗೆ ಮಾಡುವುದಕ್ಕೂ ಅವನು ಕೆಸರು ಶೂ ಹಾಕಿಕೊಂಡು ಒಳಗೆ ಬರುವುದಕ್ಕೂ ಸರಿಹೋಗುತ್ತಿತ್ತು. ಹದಿನೈದು ವರ್ಷದಿಂದ ದಿನಾ ಇದೇ ಜಗಳ. ಒಮ್ಮೆ ಅವಳು ಅವನ ಒಂದು ಶೂ ಬಿಚ್ಚಿಸಿಕೊಂಡು ಒಳಗಿಟ್ಟುಕೊಂಡಿದ್ದೂ ಉಂಟು.

"ಬೈಯೋಕೆ ಇಲ್ಲೀತನಕ ಬಂದ್ಯಾ ತಾಯಿ? ಇಲ್ಲಿ ನೆಲ ನಿಂದಲ್ಲ."

"ಬೈಯೋಕಲ್ಲ." ಅಕ್ಕನಿಗೆ ಮುಂದಿನ ಮಾತು ಹೊರಡಿಸುವುದು ಕಷ್ಟವಾಯಿತು. "ಒಂದು ಉಪಕಾರ ಆಗಬೇಕು."

ಬೆಂಚಿನ ಮೇಲೆ ಕೂತಿದ್ದವರ ಲೋಟಗಳೆಲ್ಲ ತುಟಿಯ ಹತ್ತಿರವೇ ನಿಂತವು. ಅವಳು ಮೇಷ್ಟ್ರನ್ನು ಮುಂದೆ ತಳ್ಳಿ ವಿಷಯ ಹೇಳಿದಳು.

"ಓ, ಐದನೇ ಅಂತಸ್ತು!" ಅಂದ ಟಪಾಲಿನವನು. "ನೋಡಿದ್ದೀನಿ ಆ ಕಾಗದ. ಡಬ್ಬಿ ಮೇಲೆ ವಿಗ್ಗಿನವನ ಹೆಸರಿತ್ತು. ಎರಡು ಸಲ ತಂದೆ, ಎರಡು ಸಲ ವಾಪಸ್ ತಂದೆ. ಚೀಲದಲ್ಲೇ ಇದೆ. ಆದರೆ ಕೈಗೆ ಕೊಡೋ ಹಾಗಿಲ್ಲ. ಹೆಸರಿರೋ ಡಬ್ಬಿಗೆ ಹಾಕಬೇಕು, ಅದೇ ಕಾನೂನು."

"ಹೆಸರು ಈಗಲೇ ಹಾಕ್ತೀವಿ. ಚೀಲದಿಂದ ತೆಗೆದು ಈವತ್ತಿನ ಸುತ್ತಿಗೆ ಸೇರಿಸ್ಕೋ."

ಟಪಾಲಿನವನು ಟೀ ಗುಟುಕರಿಸಿದ. ಅವನಿಗೆ ಬದುಕಿನಲ್ಲಿ ಇಂಥ ದಿನ ಮತ್ತೆ ಬರುವುದಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು. "ಸೇರಿಸ್ಕೋತೀನಿ. ಒಂದು ತಿಂಗಳು ನನ್ನ ಶೂ ಬಗ್ಗೆ ಒಂದಕ್ಷರ ಮಾತಾಡಕೂಡದು."

"ಮೂರು ದಿನ."

"ಎರಡು ವಾರ."

"ನಾಲ್ಕು ದಿನ. ಅದೂ ಮಳೆ ಬಂದ್ರೆ ಲೆಕ್ಕಕ್ಕಿಲ್ಲ."

"ಹಾಗಾದ್ರೆ ಚೀಲ ಹೊರಡಲಿ ಬಿಡು."

ಬಕೆಟ್ಟಕ್ಕ ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ನೆಲ ನೋಡುತ್ತಿದ್ದರು. ಅವಳು ಹಲ್ಲು ಕಚ್ಚಿ, "ಒಂದು ವಾರ. ಮಳೆ ಬಂದ್ರೂ" ಅಂದಳು. ಬೆಂಚಿನವರು ಚಪ್ಪಾಳೆ ತಟ್ಟಿದರು.

ವಾಪಸ್ ಬರುವಷ್ಟರಲ್ಲಿ ಹತ್ತು ಮುಕ್ಕಾಲು. ಡಬ್ಬಿಯ ಮೇಲಿನ ವಿಗ್ಗಿನವನ ಚೀಟಿಯನ್ನು ಅಕ್ಕ ಉಗುರಿನಿಂದ ಕೆರೆದು ತೆಗೆದಳು. ಮೇಷ್ಟ್ರು ನೋಟುಪುಸ್ತಕದ ಹಾಳೆ ಹರಿದು ತಮ್ಮ ಹೆಸರನ್ನು ಕರಿಹಲಗೆಯ ಮೇಲೆ ಬರೆಯುವ ದುಂಡು ಅಕ್ಷರದಲ್ಲಿ ಬರೆದರು. ಅಂಟಿಸಲು ಗೋಂದಿಲ್ಲ. ಅಕ್ಕ ಜೇಬಿನಿಂದ ಗಾಯದ ಪಟ್ಟಿಯ ಸುರುಳಿ ತೆಗೆದು ನಾಲ್ಕು ತುಂಡು ಕತ್ತರಿಸಿ ನಾಲ್ಕೂ ಬದಿಗೆ ಒತ್ತಿದಳು. ದೂರ ನಿಂತು ನೋಡಿದರೆ ಡಬ್ಬಿಗೆ ಏಟಾದ ಹಾಗಿತ್ತು. ಮೇಷ್ಟ್ರಿಗೆ ಮಾತ್ರ ಅಷ್ಟು ಚಂದದ ಬೋರ್ಡು ಇನ್ನೊಂದಿಲ್ಲ ಅನ್ನಿಸಿತು.

ಅಕ್ಕ ತಕ್ಷಣ ಮೇಲೆ ಓಡಿ ಬಕೆಟ್ಟು ಹಿಡಿದು ಉಳಿದ ಹದಿನೆಂಟು ಮೆಟ್ಟಿಲಿಗೆ ಬಿದ್ದಳು. ಮೇಷ್ಟ್ರು ಸಹಾಯ ಮಾಡುವ ಹುರುಪಿನಲ್ಲಿ ಇನ್ನೊಂದು ಬಟ್ಟೆ ತೆಗೆದುಕೊಂಡು ಕೆಳಗಿನಿಂದ ಮೇಲಕ್ಕೆ ಒರೆಸುತ್ತಾ ಬಂದರು. ನಡುವೆ ಎಲ್ಲೋ ಇಬ್ಬರೂ ಎದುರಾದಾಗ, ಅವಳ ಕೊಳೆನೀರು ಅವರು ಒರೆಸಿದ ಮೆಟ್ಟಿಲ ಮೇಲೆಲ್ಲ ಇಳಿದುಹೋಗಿತ್ತು.

"ನೀರು ಯಾವ ಕಡೆ ಹರಿಯುತ್ತೆ ಅಂತ ಭೂಗೋಳದಲ್ಲಿ ಹೇಳಲ್ವಾ?" ಅಂದಳು ಅಕ್ಕ. ಆಮೇಲೆ ಆ ಒಂಬತ್ತು ಮೆಟ್ಟಿಲನ್ನೂ ಮತ್ತೆ ಒರೆಸಿದಳು.

ಹನ್ನೊಂದೂಕಾಲಿಗೆ ಟಪಾಲಿನವನು ಬಂದ. ಹೊಸ್ತಿಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವನ ಶೂಗಳಲ್ಲಿ ಆ ಬೀದಿಯ ಕೆಸರೆಲ್ಲ ಇತ್ತು. ನಾಲ್ಕು ಹೆಜ್ಜೆಯಲ್ಲಿ ತಲುಪಬಹುದಾದ ಡಬ್ಬಿಗಳ ಸಾಲಿಗೆ ಅವನು ಹನ್ನೊಂದು ಹೆಜ್ಜೆ ಇಟ್ಟ. ಒಂದೊಂದು ಹೆಜ್ಜೆಗೂ ಅಕ್ಕನ ಮುಖ ನೋಡಿದ. ಅಕ್ಕ ಒರೆಸುಕೋಲನ್ನು ಎರಡೂ ಕೈಯಲ್ಲಿ ಹಿಡಿದು ಛಾವಣಿ ನೋಡುತ್ತಾ ನಿಂತಿದ್ದಳು, ತುಟಿ ಮಾತ್ರ ಅಲುಗುತ್ತಿತ್ತು. ಅವನು ಚೀಟಿಯ ಮೇಲಿನ ಹೆಸರನ್ನು ಜೋರಾಗಿ ಓದಿ, ಕಂದು ಲಕೋಟೆಯನ್ನು ಡಬ್ಬಿಯ ಬಾಯಿಗೆ ಹಾಕಿದ. ಟಣ್ ಎಂದು ಸದ್ದಾಯಿತು. ಮೇಷ್ಟ್ರಿಗೆ ಶಾಲೆಯ ಗಂಟೆ ಬಾರಿಸಿದ ಹಾಗಾಯಿತು.

ಶುಕ್ರವಾರ ಒಂಬತ್ತೂವರೆಗೆ ಗೇಟಿನವನು ಕಾಗದ ನೋಡಿ ಒಳಗೆ ಬಿಟ್ಟ. ಹತ್ತೂ ಬೆರಳಿನ ಅಚ್ಚು ಕೊಟ್ಟು ಕಾರ್ಡು ಹಿಡಿದು ಬಂದ ಮೇಷ್ಟ್ರು ಮೊದಲು ಹೋದದ್ದು ಅಕ್ಕನ ಬಾಗಿಲಿಗೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಒಂದು ದೊಡ್ಡ ಭಾಷಣ ಸಿದ್ಧ ಮಾಡಿಕೊಂಡಿದ್ದರು. ಬಾಗಿಲು ತೆಗೆದ ಅಕ್ಕ ಅವರ ಶೂ ನೋಡಿದಳು. ಭಾಷಣ ಮರೆತುಹೋಯಿತು. ಕಾರ್ಡನ್ನು ಅವಳ ಕೈಗೆ ಕೊಟ್ಟರು. ಅವಳು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, "ಫೋಟೋದಲ್ಲೂ ಕೂದಲಿಲ್ಲ" ಅಂದಳು. ಗಂಡನನ್ನು ಕರೆದು ತೋರಿಸಿದಳು. ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡು, "ಸೋಪಿನ ವಾಸನೆಗೆ ಕಣ್ಣು ಉರೀತಿದೆ" ಅಂದಳು.

ಆ ರಾತ್ರಿ ಫೋನಿನಲ್ಲಿ ಹೆಂಡತಿ ಎಲ್ಲ ಕೇಳಿ, "ಅಕ್ಕನಿಗೆ ಒಂದು ಮಾತು ಹೇಳಿ. ಇನ್ನು ಮೇಲೆ ಆ ಜೇಬಿನ ಹೊಲಿಗೆ ಬಿಚ್ಚಬಹುದಂತೆ ಅನ್ನಿ" ಅಂದಳು.

ಮುಂದಿನ ಬುಧವಾರ ಮೇಷ್ಟ್ರ ಹೆಸರಿಗೆ ಇನ್ನೊಂದು ಕಾಗದ ಬಂತು. ಮನೆ ಯಜಮಾನರದ್ದು, ಅವರ ಆಳು ಬೆಳಿಗ್ಗೆಯೇ ಬಂದು ಹತ್ತೂ ಡಬ್ಬಿಗೆ ಒಂದೊಂದು ಪ್ರತಿ ಹಾಕಿ ಹೋಗಿದ್ದ. 'ಕಳೆದ ಗುರುವಾರ ಬೆಳಿಗ್ಗೆ ಎರಡನೇ ಅಂತಸ್ತಿನ ತಿರುವಿನಲ್ಲಿ ನೀರು ತುಂಬಿದ ಬಕೆಟ್ಟೊಂದು ಒಂದು ಗಂಟೆಗೂ ಮೀರಿ ವಾರಸುದಾರರಿಲ್ಲದೆ ಇದ್ದುದಾಗಿ ದೂರು ಬಂದಿದೆ. ಇಪ್ಪತ್ತೆರಡು ವರ್ಷಗಳಲ್ಲಿ ಹೀಗಾಗಿರುವುದು ಇದೇ ಮೊದಲು. ಮುಂದೆ ಆಗಬಾರದು.'

ಮೇಷ್ಟ್ರು ಬೆವರಿ, ಕಾಗದ ಹಿಡಿದು ಅಕ್ಕನಲ್ಲಿಗೆ ಓಡಿದರು. "ನನ್ನಿಂದ ನಿಮಗೆ ಕೆಟ್ಟ ಹೆಸರು ಬಂತಲ್ಲ ಅಕ್ಕ! ಯಜಮಾನರ ಹತ್ತಿರ ನಾನೇ ಹೋಗಿ ಹೇಳ್ತೀನಿ."

ಅಕ್ಕ ತನ್ನ ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂರನೇ ಸಲ ಓದುತ್ತಿದ್ದಳು. "ಸುಮ್ನಿರಪ್ಪ. ಇಲ್ಲಿ ನೋಡು. ಇಪ್ಪತ್ತೆರಡು ವರ್ಷ ಅಂತ ಬರೆದಿದ್ದಾರೆ. ಇದೇ ಮೊದಲು ಅಂತಲೂ ಬರೆದಿದ್ದಾರೆ. ಅಂದ್ರೆ ಯಜಮಾನರು ಲೆಕ್ಕ ಇಟ್ಟಿದ್ದಾರೆ! ನಾನಿಲ್ಲಿ ಇರೋದೇ ಅವರಿಗೆ ಗೊತ್ತಿಲ್ಲ ಅಂತ ಅಂದುಕೊಂಡಿದ್ದೆ." ಒಳಗೆ ತಿರುಗಿ ಕೂಗಿದಳು, "ಕೇಳಿಸ್ತಾ? ಒಳ್ಳೇ ಲಕೋಟೆ ಒಂದು ಹುಡುಕಿ ಕೊಡಿ, ಮಗಳಿಗೆ ಕಳಿಸಬೇಕು!"

ಅಷ್ಟರಲ್ಲಿ ಹೊಸ್ತಿಲಲ್ಲಿ ಸದ್ದಾಯಿತು. ಟಪಾಲಿನವನು, ಒಪ್ಪಂದದ ಕೊನೆಯ ದಿನದ ಕೊನೆಯ ಕೆಸರಿನ ಸಮೇತ. ಅಕ್ಕ ಒರೆಸುಕೋಲು ಎತ್ತಿಕೊಂಡು ಹೊರಗೆ ಹೋದಳು. ಕೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿ, "ನಾಳೆ" ಅಂದಳು.

ಮೇಷ್ಟ್ರು ಅವಳಿಂದ ಗಾಯದ ಪಟ್ಟಿಯ ಸುರುಳಿ ಕೇಳಿ ಪಡೆದು, ಪಕ್ಕದ ಹಿಡಿಕಂಬಿಯನ್ನು ಮುಟ್ಟದೆ, ಅಂಚಿನಲ್ಲೇ ಕಾಲಿಟ್ಟುಕೊಂಡು ಎಪ್ಪತ್ತೆರಡು ಮೆಟ್ಟಿಲು ಹತ್ತಿದರು. ಕೋಣೆಯ ಬಾಗಿಲು ಹಾಕಿಕೊಂಡು, ಯಜಮಾನರ ಕಾಗದದ ನಾಲ್ಕೂ ಮೂಲೆಗೆ ನಾಲ್ಕು ಪಟ್ಟಿ ಒತ್ತಿ, ಹನ್ನೊಂದು ನಿಯಮಗಳ ಪಕ್ಕದಲ್ಲೇ, ಏಳನೆಯದಕ್ಕೆ ಸರಿಸಮನಾಗಿ ಅಂಟಿಸಿದರು.